ಟೇಪಿನ ಬಾಯಾಗ ಸಿಕ್ಕಬಿದ್ದದ್ದು

ಏಪ್ರಿಲ್ ಬಿಸಲಾಗ ಅಟ್ಟ ಸ್ವಚ್ಛ ಮಾಡಾಕ ಹೋಗಬಾರ್ದಿತ್ತು ನೋಡ್ರಿ. ಅಪ್ಪನ ಹಳೇ ಡಬಲ್ ಡೆಕ್ ಟೇಪ್ ಸಿಕ್ತು, ಜೊತಿಗೆ ಅರವತ್ತು ನಿಮಿಷದ್ದು ಒಂದು ಸಿಕ್ಸ್‌ಟಿ ಕ್ಯಾಸೆಟ್, ಮ್ಯಾಲೆ ಅಪ್ಪನ ಅಕ್ಷರದಾಗ ‘ಅವ್ವನ ಸೋಬಾನ ಪದ’. ಅತ್ತಿ ಲಗ್ನದಾಗ ನಮ್ಮಜ್ಜಿ ಹಾಡಿದ್ದು. ಅಂಗಳದಾಗ ಹೊರಸಿನ ಮ್ಯಾಲೆ ಮಲಗಿದ್ದ ಅಪ್ಪ ಎದ್ದು ಕುಂತು ‘ಹಚ್ಚಲೇ ಅದನ್ನ, ಮೂವತ್ತು ವರ್ಷ ಆತು ಕೇಳಿ’ ಅಂದ.

ಹಚ್ಚಿದೆ. ಲೈಟ್ ಹತ್ತಿತು, ಗರ್ ಅಂತು, ಚಕ್ರ ತಿರುಗವಲ್ದು. ಬಿಚ್ಚಿ ನೋಡಿದ್ರ ಬೆಲ್ಟ್ ಇರಬೇಕಾದ ಜಾಗದಾಗ ಡಾಂಬರು! ಈ ಹಳೇ ರಬ್ಬರ್ ಬೆಲ್ಟು ವಯಸ್ಸಾದ್ರ ಕರಗಿ ಅಂಟು ಆಗ್ತಾವ ಅಂತ ನನಗ ಗೊತ್ತಿರ್ಲಿಲ್ಲ, ಬೆರಳಿಂದ ತಗದೆ, ಅದೇ ಬೆರಳಿಂದ ಮೂಗು ತುರಿಸ್ಕೊಂಡೆ, ಗ್ವಾಡಿ ಹಿಡ್ಕೊಂಡು ಎದ್ದೆ, ನೀರಿನ ಕೊಡ ಮುಟ್ಟಿದೆ. ಮುಂದ ನಮ್ಮನಿಯಾಕಿ ಏನಂದ್ಲು ಅನ್ನೋದನ್ನ ಬರಿಯಂಗಿಲ್ಲ.

ನಮ್ಮ ಕೊಪ್ಪಳದ ಜವಾಹರ್ ರೋಡಿನಾಗ ಬೆಲ್ಟ್ ಕೇಳಿದ್ರ ಅಂಗಡಿ ಹುಡುಗ ‘ಸೊಂಟದ್ದೇನ್ರಿ?’ ಅಂದ. ಅದಕ್ಕ ರಬ್ಬರ್ ಬ್ಯಾಂಡ್ ಹಾಕಿ ಒಂದು ಭಜನಿ ಕ್ಯಾಸೆಟ್ ಹಚ್ಚಿ ನೋಡಿದೆ. ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡ್ಬೇಕಂತ, ನಮ್ದು ಒಮ್ಮೆ ಓಡ್ತಿತ್ತು ಒಮ್ಮೆ ತೆವಳ್ತಿತ್ತು, ಭಜನಿ ಮಂದಿ ಪೂರಾ ಜೋಕಾಲಿ ಮ್ಯಾಲೆ ಕುಂತು ಹಾಡಿದಂಗ. ಅಷ್ಟ್ರಾಗ ಬಲಗಡೆ ಚಕ್ರ ನಿಂತ್ತು, ಆದ್ರ ರಬ್ಬರ್ ರೋಲರ್ ನಿಲ್ಲಲಿಲ್ಲ, ರೀಲು ತಳ್ಳಿದ್ದೇ ತಳ್ಳಿದ್ದು, ಸುತ್ತಿಕೊಳ್ಳೋರಿಲ್ಲದ ರೀಲು ಹೊಟ್ಟಿ ಒಳಗ ಶಾವಿಗಿ ಆತು. ಟೇಪ್ ರೀಲು ತಿಂತು ಅಂತೀವಲ್ಲ, ಇದೇ ಅದು. ಮಗಳ ಪೆನ್ಸಿಲ್ ಇಸ್ಕೊಂಡು ಸುತ್ತಿದೆ.

1963ರಾಗ ಬರ್ಲಿನ್ನಿನಾಗ ಫಿಲಿಪ್ಸ್ ಕಂಪನಿ ಈ ಕ್ಯಾಸೆಟ್ ತೋರಿಸಿತ್ತು. ಅದನ್ನ ಮಾಡಿದ ತಂಡದ ಮುಖ್ಯಸ್ಥ ಲೂ ಒಟೆನ್ಸ್, ಕೋಟಿನ ಕಿಸೆದಾಗ ಹಿಡಿಯೋವಷ್ಟು ಒಂದು ಕಟಿಗಿ ತುಂಡು ಕೆತ್ತಿಸಿ, ಅದರ ಅಳತಿಗೇ ಟೇಪ್ ರೆಕಾರ್ಡರ್ ಮಾಡಿಸಿದ್ನಂತ. ಕ್ಯಾಸೆಟ್ಟಿನಾಗ ಇನ್ನೂ ಒಂದು ಉಪಕಾರ ಐತಿ, ಹಿಂದ ಎರಡು ಸಣ್ಣ ಹಲ್ಲು. ಮುರದ್ರ ಅದರ ಮ್ಯಾಲೆ ಮತ್ತ ರೆಕಾರ್ಡ್ ಆಗಂಗಿಲ್ಲ, ಆ ತೂತು ಮುಚ್ಚಿದ್ರ ಮಾತ್ರ ಮತ್ತ ಆಗ್ತೈತಿ.

ಆನ್‌ಲೈನ್ ಬೆಲ್ಟ್ ಬಂತು, ಕುಂದರಿಸಿದೆ, ಅಜ್ಜಿ ಕ್ಯಾಸೆಟ್ ಕೈಯಾಗ ತಗೊಂಡು ಹಿಂದ ನೋಡ್ತೀನಿ, ಅಪ್ಪ ಹಲ್ಲು ಮುರದಾನ ಖರೆ, ತೂತಿನಾಗ ಮಡಚಿ ತುರುಕಿದ ಕಾಗದ. ರೂಲ್ಡ್ ನೋಟ್‌ಬುಕ್ಕಿಂದು. ನನ್ನ ಐದನೇತ್ತಿ ನೋಟ್‌ಬುಕ್ಕಿಂದು. ಹೊಟ್ಟ್ಯಾಗ ಧಸಕ್ ಅಂತು. ‘ಅಪ್ಪಾ, ಇದು ರೀಲು ತಿಂತೈತಿ, ಹಚ್ಚಬ್ಯಾಡ’ ಅಂತ ಅವತ್ತ ಹೇಳಿದ್ದು ನಾನೇ.

ಈಗೂ ಅದನ್ನೇ ಹೇಳಿದೆ. ಅಪ್ಪ ಕೇಳಲಿಲ್ಲ, ತಾನೇ ಬಂದು ಬಟನ್ ಒತ್ತಿದ. ತಿನ್ನೋ ನಮ್ಮಪ್ಪಾ ತಿನ್ನು ಅಂತ ಬೇಡ್ಕೊಂಡೆ. ದರಿದ್ರ ಮಷಿನ್ನು ಅವತ್ತ ಅಮೃತದಂಗ ಓಡ್ತು.

‘ಹಲೋ... ಹಲೋ... ಗವಿಮಠದ ಜಾತ್ರಿಗೆ ಬಂದ ಭಕ್ತಾದಿಗಳ ಗಮನಕ್ಕ, ಹಸಿರು ಅಂಗಿ ಹಾಕ್ಕೊಂಡ ಹುಡುಗ ತಪ್ಪಿಸ್ಕೊಂಡಾನ, ಅವರ ಮನಿಯವರು ಎಲ್ಲಿದ್ರೂ ಬರಬೇಕು...’

ಕೀರಲು ದನಿ, ನಂದೇ. ಟಕ್ ಅಂತು, ಅರ್ಧ ಸಾಲಿನಿಂದ ಅಜ್ಜಿ ಶುರು ಮಾಡಿದ್ಲು.

ಅಪ್ಪ ನನ್ನ ಮುಖ ನೋಡಿದ, ಕ್ಯಾಸೆಟ್ ನೋಡಿದ, ಆಮ್ಯಾಲೆ ಅಡಗಿಮನಿ ಕಡೆ ತಿರುಗಿ ಒದರಿದ, ‘ಏ, ಹೊರಗ ಬಾರ ಇಲ್ಲಿ, ಆ ಹುಡುಗ ಸಿಕ್ಕ!’