ಸಕಲೇಶಪುರದ ಏರಿಗೆ ಅರಸೀಕೆರೆಯ ಗಾಡಿ

ಹೋದ ತಿಂಗಳು ನಮ್ಮ ಹಾಸನದ ಕಚೇರಿಯೊಂದರಿಂದ ಫೋನು. "ಅಣ್ಣಾ, ಗುರುವಾರ ಸಭೆ ಇದೆ. ವಿಕಲಚೇತನರ ಜೊತೆ ಕೂತೇ ಸೇವೆಗಳನ್ನ ರೂಪಿಸಬೇಕು ಅಂತ ಮೇಲಿಂದ ಬಂದಿದೆ. ಒಂದ್ ಹತ್ತು ಜನನ್ನ ಕರ್ಕೊಂಡ್ ಬನ್ನಿ." ಯಾವ ಕಚೇರಿ ಅಂತ ಬರೆಯೋದಿಲ್ಲ. ಫೋನ್ ಮಾಡಿದ ಮೇಡಂ ಒಳ್ಳೆಯವರು, ನನ್ನ ಅಂಗಡಿಗೇ ಜೆರಾಕ್ಸ್‌ಗೆ ಬರ್ತಾರೆ.

ಗೊತ್ತಿಲ್ಲದವರಿಗೆ ಹೇಳ್ತೀನಿ: ಎರಡು ವರ್ಷದ ಮಗುವಾಗಿದ್ದಾಗ ನನ್ನ ಬಲಗಾಲಿಗೆ ಪೋಲಿಯೊ. ಕಾಲಿಗೆ ಆಧಾರವಾಗಿ ಕಟ್ಟುವ ಕ್ಯಾಲಿಪರ್, ಒಂದು ಊರುಗೋಲು, ಪಕ್ಕಕ್ಕೆ ಚಕ್ರ ಹಾಕಿಸಿದ ಸ್ಕೂಟರ್. ಯುಡಿಐಡಿ ಅನ್ನೋ ವಿಕಲಚೇತನರ ಗುರುತಿನ ಚೀಟಿ, ಪಿಂಚಣಿ, ಬಸ್ ಪಾಸ್ ಅರ್ಜಿ ತುಂಬಿಕೊಡೋದೇ ಹನ್ನೆರಡು ವರ್ಷದಿಂದ ಹೊಟ್ಟೆಪಾಡು.

ಸಭೆ ನೆಲಮಹಡಿಯಲ್ಲೇ ಇಟ್ಟಿದ್ದರು, ಅದನ್ನು ಮೆಚ್ಚಬೇಕು. ನಾಡಗೀತೆಗೆ "ಎಲ್ಲರೂ ಎದ್ದು ನಿಲ್ಲಬೇಕು" ಅಂತ ಮೈಕಿನಲ್ಲಿ ಹೇಳಿ, ಆಮೇಲೆ ಹೇಳಿದವರೇ ನಾಲಿಗೆ ಕಚ್ಚಿಕೊಂಡರು. ನಾವು ನಕ್ಕುಬಿಟ್ಟೆವು. ಅಷ್ಟಕ್ಕೆಲ್ಲ ನನಗೆ ಸಿಟ್ಟು ಬರೋದಿಲ್ಲ.

ಸಿಟ್ಟು ಬಂದದ್ದು ಪರದೆ ಮೇಲೆ ಯೋಜನೆ ಮೂಡಿದಾಗ. ಕೈಯಲ್ಲಿ ತಿರುಗಿಸುವ ತ್ರಿಚಕ್ರ ಸೈಕಲ್ಲು ಎಷ್ಟು, ದರ ಎಷ್ಟು, ಯಾವ ತಾಲ್ಲೂಕಿಗೆ ಎಷ್ಟು, ಎಲ್ಲ ತೀರ್ಮಾನವಾಗಿತ್ತು. ಕೊನೆಯ ಸ್ಲೈಡಿನಲ್ಲಿ "ಸಲಹೆಗಳು" ಎಂಬ ಒಂದೇ ಪದ. ಸಕಲೇಶಪುರದ ಕಡೆಯ ಹೆಂಗಸೊಬ್ಬರು ಕೈ ಎತ್ತಿದರು. "ಸಾರ್, ನಮ್ಮನೆಯಿಂದ ರಸ್ತೆಗೆ ಬರೋದೇ ಏರು. ಹತ್ತೋವಾಗ ಕೈಯಲ್ಲಿ ತಿರುಗ್ಸೋಕೆ ಆಗಲ್ಲ, ಇಳಿಯೋವಾಗ ಗಾಡಿನೇ ನನ್ನ ಎಳ್ಕೊಂಡ್ ಹೋಗುತ್ತೆ. ಮಳೆಗಾಲದಲ್ಲಂತೂ ಕೇಳ್ಬೇಡಿ." ಸಾಹೇಬರು ಪಕ್ಕಕ್ಕೆ ತಿರುಗಿ "ನೋಟ್ ಮಾಡ್ಕೊಳ್ಳಿ" ಅಂದರು.

ನಮ್ಮದು ಅರ್ಧ ಮಲೆನಾಡು, ಅರ್ಧ ಬಯಲುಸೀಮೆಯ ಜಿಲ್ಲೆ. ಅರಸೀಕೆರೆಯ ಬಯಲಿನಲ್ಲಿ ಓಡುವ ಗಾಡಿ ಸಕಲೇಶಪುರದ ತೋಟದ ದಾರಿಯಲ್ಲಿ ಓಡುವುದಿಲ್ಲ. ಇದಕ್ಕೆ ಎಂಜಿನಿಯರ್ ಬೇಡ, ಆ ದಾರಿಯಲ್ಲಿ ಒಂದು ಸಲ ಹೋಗಿಬಂದವರು ಸಾಕು. ಹಾಗೆ ಹೋಗಿಬಂದವರು ಸಭೆಯಲ್ಲೇ ಕೂತಿದ್ದರು.

ಎರಡು ವಾರವಾದ ಮೇಲೆ ಸಭೆಯ ನಡಾವಳಿಯನ್ನು ಕೇಳಿ ಪಡೆದೆ. "47 ಮಂದಿ ಫಲಾನುಭವಿಗಳು ಭಾಗವಹಿಸಿ ಯೋಜನೆಯನ್ನು ಸ್ವಾಗತಿಸಿದರು" ಅಂತಿತ್ತು. ಏರಿನ ಮಾತು ಎಲ್ಲೂ ಇಲ್ಲ. ಹಾಜರಿ ಪುಸ್ತಕದ ಸಹಿಗಳ ಪ್ರತಿ, ಎರಡು ಫೋಟೊ ಲಗತ್ತಿಸಿದ್ದರು. ಜೊತೆಗೂಡಿ ರೂಪಿಸಿದ್ದಕ್ಕೆ ಅದೇ ಪುರಾವೆ.

ನನ್ನ ತಕರಾರು ಇಷ್ಟೇ. ಎಷ್ಟು ಜನ ಬಂದರು ಅನ್ನೋದು ಲೆಕ್ಕವೇ ಅಲ್ಲ. ಸಭೆಗೆ ಮುಂಚಿನ ಕರಡು ಒಂದು ಕೈಯಲ್ಲಿ, ಸಭೆಯ ನಂತರದ ಆದೇಶ ಇನ್ನೊಂದು ಕೈಯಲ್ಲಿ ಹಿಡಿದು, ಯಾವ ಸಾಲು ಬದಲಾಯಿತು ತೋರಿಸಿ. ಒಂದೂ ಬದಲಾಗದಿದ್ದರೆ ನಮ್ಮನ್ನು ಕರೆದದ್ದು ಕಾಫಿ, ಉಪ್ಪಿಟ್ಟಿಗೆ. ನಾವು ಹೇಳಿದ್ದೆಲ್ಲ ಆಗಲೇಬೇಕು ಅಂತಲೂ ಅಲ್ಲ. ದುಡ್ಡಿಲ್ಲ, ಮಾರ್ಗಸೂಚಿ ಒಪ್ಪಲ್ಲ ಅಂದರೆ ಹಾಗಂತ ಬರೆದು ತಿಳಿಸಲಿ, ಅರ್ಥ ಮಾಡಿಕೊಳ್ತೀವಿ.

ಇನ್ನೊಂದು ಸಂಗತಿ. ಅರಕಲಗೂಡಿನ ಅಂಧ ಗೆಳೆಯರೊಬ್ಬರು ಮೊದಲೇ ಕಾಗದಪತ್ರ ಕೇಳಿದ್ದರು. ವಾಟ್ಸಾಪಿಗೆ ಬಂದದ್ದು ಒಂದು ಸ್ಕ್ಯಾನ್ ಮಾಡಿದ ಪಿಡಿಎಫ್, ಮತ್ತೊಂದು ಹಳೇ ನುಡಿ ಫಾಂಟಿನ ಫೈಲು. ಮೊಬೈಲಿನ ಓದುವ ಸಾಫ್ಟ್‌ವೇರ್‌ಗೆ ಮೊದಲನೆಯದು ಬರೀ ಚಿತ್ರ. ಎರಡನೆಯದನ್ನು ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಒದರುತ್ತೆ. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದರೆ ಒಂದು ಪೈಸೆ ಖರ್ಚಿಲ್ಲದೆ ಅವರೇ ಓದಿಕೊಂಡು, ತಯಾರಾಗಿ ಬರುತ್ತಿದ್ದರು.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. ಆಸ್ಟ್ರೇಲಿಯಾದಲ್ಲಿ 2013ರಿಂದ ವಿಕಲಚೇತನರಿಗೆ ರಾಷ್ಟ್ರೀಯ ವಿಮಾ ಯೋಜನೆ ಇದೆ, ಎನ್‌ಡಿಐಎಸ್ ಅಂತ. ಅದನ್ನು ನಡೆಸುವ ಸರ್ಕಾರಿ ಸಂಸ್ಥೆ, ಪರಿಚಯವೇ ಇಲ್ಲದ ಮೌಲ್ಯಮಾಪಕರು ಕೆಲವೇ ಗಂಟೆಗಳಲ್ಲಿ ಎಲ್ಲರ ಸಾಮರ್ಥ್ಯ ಅಳೆಯುವ ಪದ್ಧತಿ ತರಲು ಹೊರಟಿತ್ತು. ವಿಕಲಚೇತನರು ತಿರುಗಿಬಿದ್ದರು. 2021ರ ಜುಲೈನಲ್ಲಿ ಅದನ್ನು ಕೈಬಿಟ್ಟು, ಮುಂದಿನದನ್ನು ನಿಮ್ಮೊಂದಿಗೇ ರೂಪಿಸುತ್ತೇವೆ ಅಂದರು. ಮರುವರ್ಷ ಆ ಸಂಸ್ಥೆಯ ಮಂಡಳಿಯ ಅಧ್ಯಕ್ಷರಾದವರು ಗಾಲಿಕುರ್ಚಿ ಓಟದ ಪ್ಯಾರಾಲಿಂಪಿಕ್ ಚಾಂಪಿಯನ್ ಕರ್ಟ್ ಫರ್ನ್ಲಿ. ಅಲ್ಲಿ ಎಲ್ಲ ಸರಿಹೋಯಿತು ಅಂತ ಹೇಳ್ತಿಲ್ಲ. ತಲೆ ಎಣಿಸುವ ಕುರ್ಚಿಗೂ ಸಹಿ ಹಾಕುವ ಕುರ್ಚಿಗೂ ಇರುವ ವ್ಯತ್ಯಾಸ ಹೇಳ್ತಿದೀನಿ.

ಕಾಗದದ ಮೇಲೆ ನಾವೂ ಬಡವರಲ್ಲ. ನಮಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ನಮ್ಮನ್ನು ಒಳಗೊಳ್ಳಬೇಕು ಅನ್ನುತ್ತೆ ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 4ನೇ ವಿಧಿ. 2007ರಲ್ಲೇ ಭಾರತ ಅದನ್ನು ಒಪ್ಪಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 72ನೇ ಕಲಂ ಜಿಲ್ಲೆಗೊಂದು ಸಮಿತಿ ಇರಬೇಕು ಅನ್ನುತ್ತೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು, ಕಟ್ಟಡ-ಸಾರಿಗೆಗಳ ಪ್ರವೇಶದ ಮಾನದಂಡಗಳು ಬರೀ ಸಲಹೆಯಂತಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದಿತು. ಇಷ್ಟಿದ್ದೂ ಅದೇ ಕಚೇರಿ ಮುಂದಿನ ರ‍್ಯಾಂಪ್ ನೋಡಿ. ಮೂರು ಮೆಟ್ಟಿಲು, ತಲಾ ಆರಿಂಚು, ಒಟ್ಟು ಹದಿನೆಂಟು ಇಂಚು ಎತ್ತರ. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದದ ಲೆಕ್ಕದಲ್ಲಿ ರ‍್ಯಾಂಪ್ ಹದಿನೆಂಟು ಅಡಿ ಉದ್ದ ಇರಬೇಕು. ಇರೋದು ಆರಡಿ. ಮಕ್ಕಳು ಅದರಲ್ಲಿ ಜಾರುಬಂಡೆ ಆಡ್ತಾರೆ. ಸಿಮೆಂಟು ಕಲಸುವ ಮೊದಲು ನಮ್ಮಲ್ಲೊಬ್ಬರನ್ನು ಮೇಸ್ತ್ರಿ ಪಕ್ಕ ನಿಲ್ಲಿಸಿದ್ದರೆ ಸಾಕಿತ್ತು.

ನಮ್ಮ ಕಡೆಯ ತಪ್ಪನ್ನೂ ಬರೆದುಬಿಡ್ತೀನಿ. ಹತ್ತು ಜನ ಕರ್ಕೊಂಡ್ ಬನ್ನಿ ಅಂದಾಗ ನಾನು ಫೋನ್ ಮಾಡಿದ್ದು ನನ್ನಂಥ ಪೋಲಿಯೊದವರಿಗೇ, ಎಲ್ಲರೂ ಗಂಡಸರು. ಕಾಯ್ದೆಯಲ್ಲಿ 21 ಬಗೆಯ ವೈಕಲ್ಯ ಇವೆ. ಬುದ್ಧಿಮಾಂದ್ಯ ಮಗಳನ್ನು ಒಬ್ಬಳೇ ಬಿಟ್ಟು ಬರಲಾಗದ ತಾಯಿ ನನ್ನ ಅಂಗಡಿಗೆ ಬರ್ತಾನೇ ಇರ್ತಾರೆ. ಆಕೆಯ ನೆನಪು ಬಂದದ್ದು ಸಭೆ ಮುಗಿದ ಮೇಲೆ. ಕಿವಿ ಕೇಳದ ಹುಡುಗನೊಬ್ಬ ಅಕ್ಕನ ಜೊತೆ ಬಂದಿದ್ದ. ಸನ್ನೆ ಭಾಷೆ ಬಲ್ಲವರು ಇರಲಿಲ್ಲ. ಮೂರು ಗಂಟೆ ಎಲ್ಲರ ಬಾಯಿ ನೋಡ್ತಾ ಕೂತು, ಸಹಿ ಹಾಕಿ ಹೋದ. ಆ 47ರಲ್ಲಿ ಅವನೂ ಒಬ್ಬ.

ಮೊನ್ನೆ ಮೇಡಂ ಮತ್ತೆ ಅಂಗಡಿಗೆ ಬಂದಿದ್ದರು. ಮುಂದಿನ ಸಭೆ ಶೌಚಾಲಯಗಳ ಬಗ್ಗೆಯಂತೆ. "ಹಾಗಾದ್ರೆ ಎಸ್ಟಿಮೇಟ್ ಕಾಪಿ ಮೊದಲೇ ಕೊಡಿ ಮೇಡಂ, ನೋಡ್ಕೊಂಡ್ ಬರ್ತೀವಿ" ಅಂದೆ.

"ಅಣ್ಣಾ, ಎಸ್ಟಿಮೇಟ್ ಇನ್ನೂ ಮಾಡೇ ಇಲ್ವಲ್ಲ."

"ಹಂಗಾದ್ರೆ ಇವತ್ತೇ ಕರೀರಿ."