ಥರ್ಮೋಸ್ಟಾಟ್ ಕಿತ್ತರೆ ಹೀಟರ್ ಸರಿಹೋಗದು: ಸ್ಪಷ್ಟನೆ

ಡೀಸೆಲ್ ಪಿಕಪ್‌ನ ಹೀಟರಿನಿಂದ ಬಿಸಿ ಗಾಳಿ ಬಾರದಿದ್ದರೆ ಥರ್ಮೋಸ್ಟಾಟ್ ಕಿತ್ತುಹಾಕಬೇಕೆಂಬ ಮಾತು ದಾವಣಗೆರೆ, ಚಿತ್ರದುರ್ಗದ ಚಾಲಕರ ನಡುವೆ ಹರಿದಾಡುತ್ತಿದೆ, ಅದು ತಪ್ಪು. ಕೂಲೆಂಟ್ (ಎಂಜಿನ್ನಿನ ಶಾಖ ಹೊತ್ತೊಯ್ಯುವ ದ್ರವ; ಹೀಟರಿಗೂ ಬಿಸಿ ಸಿಗುವುದು ಇದರಿಂದಲೇ) ನಿಗದಿತ ಉಷ್ಣತೆಗೆ ಏರುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವುದೇ ಥರ್ಮೋಸ್ಟಾಟ್‌ನ ಕೆಲಸವಾದ್ದರಿಂದ, ಅದನ್ನು ತೆಗೆದರೆ ಡಿಸೆಂಬರಿನ ನಸುಕಿನಲ್ಲಿ ಹೆದ್ದಾರಿ 48ರಲ್ಲಿ ಓಡುವ ಗಾಡಿಯ ಎಂಜಿನ್ ಕಾಯುವುದೇ ತಡವಾಗಿ, ಹೀಟರ್ ಇನ್ನಷ್ಟು ಸೋಲುತ್ತದೆ. ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡ ಥರ್ಮೋಸ್ಟಾಟನ್ನು ಬದಲಿಸಬೇಕೇ ಹೊರತು ತೆಗೆದೆಸೆಯಬಾರದು.

ಹೀಟರಿನಿಂದ ಬಿಸಿ ಗಾಳಿ ಬಾರದಿದ್ದರೆ ಮೊದಲು ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡಬೇಕು. ಕಡಿಮೆಯಿದ್ದರೆ ಸೋರಿಕೆ ಸರಿಪಡಿಸಿ, ತುಂಬಿಸಿ, ಒಳಗೆ ಸಿಕ್ಕ ಗಾಳಿಯನ್ನು ಹೊರಬಿಡಬೇಕು. ಎಂಜಿನ್ ಕಾದ ಮೇಲೆ ಹೀಟರಿನ ಎರಡು ಹೋಸ್‌ಗಳಲ್ಲಿ ಒಂದು ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ಹೀಟರ್ ಕೋರ್ (ಬಿಸಿ ಕೂಲೆಂಟ್ ಹರಿದು ಗಾಳಿಯನ್ನು ಬಿಸಿಮಾಡುವ ಭಾಗ) ಕಟ್ಟಿಕೊಂಡಿರಬಹುದು ಅಥವಾ ಅದರ ವಾಲ್ವ್ ತೆರೆಯದಿರಬಹುದು.