ಗಾಜಿನ ಮಳೆಯ ಗ್ರಹವನ್ನು ತಾರಸಿಯಿಂದಲೇ ಅಳೆಯಬಹುದು

ಆ ಕಡುನೀಲಿ ಗ್ರಹದ ಚಿತ್ರ ಮತ್ತೆ ಹರಿದಾಡುತ್ತಿದೆ. "ಇಲ್ಲಿ ಗಾಜಿನ ಮಳೆ ಅಡ್ಡಡ್ಡ ಸುರಿಯುತ್ತದೆ" ಅನ್ನೋ ಒಕ್ಕಣೆ, ಸಾವಿರಾರು ಶೇರ್. ದಯವಿಟ್ಟು ಗಮನಿಸಿ, ಅದು ಫೋಟೋ ಅಲ್ಲ, ಕಲಾವಿದರು ಬರೆದ ಚಿತ್ರ. ಎಚ್‌ಡಿ 189733 ಬಿ ಎಂಬ ಈ ಗ್ರಹವನ್ನು ಅದರ ನಕ್ಷತ್ರದಿಂದ ಬೇರೆಯಾಗಿ ಯಾರೂ ಕಂಡಿಲ್ಲ. ಚಿತ್ರ ಹಂಚುವವರು ಹೇಳದೆ ಬಿಡುವ ಸಂಗತಿಯೇ ನನಗೆ ದೊಡ್ಡದು. 64 ಜ್ಯೋತಿರ್ವರ್ಷ ಆಚೆಯ ಆ ಗ್ರಹ ಇದೆ ಅನ್ನೋದನ್ನ ಎಂಟಿಂಚಿನ ದೂರದರ್ಶಕ, ಒಂದು ಕ್ಯಾಮೆರಾ ಇದ್ದವರು ನಮ್ಮ ಊರಿನ ತಾರಸಿಯಿಂದಲೇ ಅಳೆದು ನೋಡಬಹುದು.

ಮೊದಲು ನೀಲಿಯ ವಿಷಯ. 2013ರಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕ ಅಳೆದದ್ದು ನಕ್ಷತ್ರ, ಗ್ರಹ ಎರಡರ ಒಟ್ಟು ಬೆಳಕನ್ನು. ಗ್ರಹ ನಕ್ಷತ್ರದ ಹಿಂದೆ ಮರೆಯಾದಾಗ ನೀಲಿ ಬೆಳಕು ಒಂದಿಷ್ಟು ಕುಸಿಯಿತು, ಹಸಿರು ಕುಸಿಯಲಿಲ್ಲ. ಬಣ್ಣದ ಲೆಕ್ಕ ಬಂದದ್ದು ಹೀಗೆ. ಗಾಳಿ ಗಂಟೆಗೆ ಸುಮಾರು 8,700 ಕಿ.ಮೀ. ಅನ್ನೋದು ರೋಹಿತದ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯ, ಗೆರೆಗಳು ಸರಿದದ್ದರಿಂದ ತಿಳಿದದ್ದು. ಗಾಜು ಮಾತ್ರ ಊಹೆ. ವಾತಾವರಣದ ಮಬ್ಬು ಗಾಜಿನಂಥ ಸಿಲಿಕೇಟ್ ಕಣಗಳದ್ದಾಗಿರಬಹುದು ಎಂಬ ಒಳ್ಳೆಯ ಊಹೆ, ಅಷ್ಟೇ. ನಕ್ಷತ್ರದ ಮೇಲಿನ ಕಲೆಗಳೂ ಅಂಥದ್ದೇ ಗುರುತನ್ನು ಮೂಡಿಸಬಲ್ಲವು ಎಂಬ ತಕರಾರು ಅದರ ಮೇಲಿದೆ. 2024ರಲ್ಲಿ ವೆಬ್ ದೂರದರ್ಶಕ ಅಲ್ಲಿ ಹೈಡ್ರೋಜನ್ ಸಲ್ಫೈಡ್ ಕಂಡಿತು. ಕೊಳೆತ ಮೊಟ್ಟೆಯ ವಾಸನೆಯ ಅನಿಲ ಅದು. ನನ್ನ ಮಟ್ಟಿಗೆ ಗಾಜಿಗಿಂತ ಗಟ್ಟಿ ಸುದ್ದಿ.

ಗ್ರಹ ಗುರುವಿಗಿಂತ ಸ್ವಲ್ಪ ದೊಡ್ಡದು, ನಕ್ಷತ್ರ ಸೂರ್ಯನಿಗಿಂತ ಚಿಕ್ಕದು, ಕಿತ್ತಳೆ ಬಣ್ಣದ್ದು. ನಡುವಿನ ದೂರ ಬರೀ 46 ಲಕ್ಷ ಕಿ.ಮೀ. ದೊಡ್ಡ ಗ್ರಹ ಚಿಕ್ಕ ನಕ್ಷತ್ರಕ್ಕೆ ಅಡ್ಡ ಬರುವುದರಿಂದಲೇ ಬೆಳಕು ಶೇ. 2.4ರಷ್ಟು ಕುಸಿಯುತ್ತದೆ. ಹೀಗೆ ಅಡ್ಡ ಹಾಯುವ ಗ್ರಹಗಳ ಪೈಕಿ ಇದು ತುಂಬ ಧಾರಾಳದ ಕುಸಿತ.

ಹುಡುಕೋದು ಸುಲಭ. ಅಕ್ಟೋಬರ್‌ನಲ್ಲಿ ಕತ್ತಲಾಗುತ್ತಲೇ ಅಭಿಜಿತ್, ಶ್ರವಣ, ಡೆನೆಬ್ ಸೇರಿದ ತ್ರಿಕೋನ ನೆತ್ತಿಯ ಹತ್ತಿರವಿರುತ್ತದೆ. ಅದರೊಳಗೆ ಪುಟ್ಟ ನರಿ ಎಂಬ ನಕ್ಷತ್ರಪುಂಜ, ವಲ್ಪೆಕ್ಯುಲಾ. ಅಲ್ಲಿನ ಡಂಬೆಲ್ ನೀಹಾರಿಕೆಯಿಂದ ಹುಣ್ಣಿಮೆ ಚಂದ್ರನ ಅರ್ಧ ಅಗಲದಷ್ಟು ಪೂರ್ವಕ್ಕೆ ಸರಿದರೆ ನಮ್ಮ ನಕ್ಷತ್ರ. ಕಾಂತಿಮಾನ 7.7, ಬರಿಗಣ್ಣಿಗೆ ಕಾಣದು, ಬೈನಾಕ್ಯುಲರ್‌ಗೆ ಸಿಗುತ್ತದೆ.

ಗ್ರಹ ಹಾಯಲು ಒಂದು ಗಂಟೆ ಐವತ್ತು ನಿಮಿಷ ಬೇಕು. ಹಿಂದೆ ಒಂದು ಗಂಟೆ, ಮುಂದೆ ಒಂದು ಗಂಟೆ ಸೇರಿಸಿಯೇ ಚಿತ್ರ ತೆಗೆಯಿರಿ. ಬೆಳಕಿನ ಗ್ರಾಫ್‌ನಲ್ಲಿ ಬದಿಯ ಸಮತಟ್ಟು ಇಲ್ಲದಿದ್ದರೆ ನಡುವಿನ ಹಳ್ಳ ಎಷ್ಟು ಆಳ ಅಂತ ಹೇಳೋಕಾಗಲ್ಲ.

ಹೆಚ್ಚಿನವರು ಎಡವೋದು ಫೋಕಸ್‌ನಲ್ಲಿ. ನಕ್ಷತ್ರ ಚೂಪಾಗಿ ಬರಲಿ ಅನ್ನಿಸುತ್ತದೆ, ಆದರೆ ಚೂಪಾದರೆ ನಡುವಿನ ಪಿಕ್ಸೆಲ್ ತುಂಬಿ ಹೋಗುತ್ತದೆ. ತುಂಬಿದ ಕೊಡಕ್ಕೆ ಎಷ್ಟು ಸುರಿದರೂ ಅಳತೆ ಒಂದೇ. ಎಕ್ಸ್‌ಪೋಶರ್ ಇಳಿಸಿ ತಪ್ಪಿಸಿಕೊಳ್ಳೋಣ ಅಂದರೆ, ಅರ್ಧ ಸೆಕೆಂಡಿನ ಚಿತ್ರದಲ್ಲಿ ಗಾಳಿಯ ಮಿನುಗೇ ಶೇ. 1ರಷ್ಟು ಏರಿಳಿತ ತರುತ್ತದೆ. ಹಾಗಾಗಿ ಬೇಕೆಂದೇ ಫೋಕಸ್ ತಪ್ಪಿಸಿ. ನಕ್ಷತ್ರ ಉದ್ದಿನ ವಡೆಯ ಹಾಗೆ, ನಡುವೆ ತೂತಿರುವ ಬಿಲ್ಲೆಯಾಗಿ ಹರಡಲಿ. 30 ಸೆಕೆಂಡ್ ಕೊಡಿ. 16 ಬಿಟ್ ಕ್ಯಾಮೆರಾದ ಗರಿಷ್ಠ ಎಣಿಕೆ 65,535, ನಿಮ್ಮ ಬಿಲ್ಲೆಯ ಅತಿ ಹೊಳೆಯುವ ಪಿಕ್ಸೆಲ್ 35,000ದ ಆಸುಪಾಸು ಇರಲಿ. ಡಿಎಸ್‌ಎಲ್‌ಆರ್ ಆದರೆ ರಾ ಫೈಲೇ (ಕ್ಯಾಮೆರಾ ತಿದ್ದದ ಮೂಲ ಎಣಿಕೆ) ಬೇಕು, ಹಸಿರು ಪಿಕ್ಸೆಲ್‌ಗಳನ್ನು ಮಾತ್ರ ಅಳೆಯಿರಿ. ಜೆಪೆಗ್ ಎಣಿಕೆಯನ್ನೇ ತಿರುಚುತ್ತದೆ.

ಅದೇ ಚಿತ್ರದೊಳಗಿನ ಇನ್ನೆರಡು ಮೂರು ನಕ್ಷತ್ರಗಳ ಜತೆ ಹೋಲಿಸಿಯೇ ಅಳೆಯಬೇಕು, ತೆಳುಮೋಡ ಬಂದರೆ ಎಲ್ಲವೂ ಒಟ್ಟಿಗೆ ಮಂಕಾಗಲಿ ಅಂತ. ಆದರೆ ನಮ್ಮದು ಕಿತ್ತಳೆ ನಕ್ಷತ್ರ. ಪಕ್ಕದ್ದು ನೀಲಿ ಬಿಳುಪಿನದಾದರೆ, ಪಡುವಣಕ್ಕೆ ಇಳಿದಂತೆ ದಪ್ಪ ಗಾಳಿ ಅದರ ಬೆಳಕನ್ನೇ ಹೆಚ್ಚು ನುಂಗುತ್ತದೆ. ಗ್ರಾಫ್ ಓರೆಯಾಗುತ್ತದೆ, ಅದನ್ನೇ ಗ್ರಹ ಅಂದುಕೊಂಡು ಮೋಸ ಹೋಗಬೇಡಿ. ಸಾಧ್ಯವಾದಷ್ಟು ಹತ್ತಿರದ ಬಣ್ಣದ್ದನ್ನು ಆರಿಸಿ, ಡಿಎಸ್‌ಎಲ್‌ಆರ್ ಅಲ್ಲದಿದ್ದರೆ, ಕೆಂಪು ಫಿಲ್ಟರ್ ಇದ್ದರೆ ಹಾಕಿ. ಮುಸ್ಸಂಜೆಯಲ್ಲಿ ಕೊಳವೆಯ ಬಾಯಿಗೆ ಬಿಳಿ ಬಟ್ಟೆ ಬಿಗಿದು ಫ್ಲಾಟ್ ಚಿತ್ರ, ಅಂದರೆ ಧೂಳಿನ ಕಲೆಗಳನ್ನು ಆಮೇಲೆ ಲೆಕ್ಕದಿಂದ ತೆಗೆಯಲು ಬೇಕಾದ ಖಾಲಿ ಬಿಳಿ ಚಿತ್ರ, ತೆಗೆಯೋದನ್ನ ಮರೆಯಬೇಡಿ. ದೂರದರ್ಶಕ ಕೂರಿಸಿದ ಮೌಂಟ್ ಚೂರು ಜಾರಿ ನಕ್ಷತ್ರ ಒಂದು ಧೂಳಿನ ಕಲೆ ಮೇಲೆ ಕೂತರೆ ಸಾಕು, ಶೇ. 2 ಸುಳ್ಳು ಕುಸಿತ ಬಂದೇ ಬಿಡುತ್ತದೆ.

ಲ್ಯಾಪ್‌ಟಾಪ್ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿಕೊಳ್ಳಿ. ಬೇರೆ ಬೇರೆ ತಿಂಗಳ ಅಳತೆಗಳನ್ನು ಜೋಡಿಸುವಾಗ ಭೂಮಿಯ ಸ್ಥಾನದ ತಿದ್ದುಪಡಿಯೂ ಬೇಕು. ಸೂರ್ಯನ ಈ ಬದಿಯೋ ಆ ಬದಿಯೋ ಅನ್ನುವುದರ ಮೇಲೆ ಬೆಳಕು ಆರು ನಿಮಿಷದವರೆಗೆ ಮೊದಲೋ ತಡವೋ ಆಗುತ್ತದೆ.

ಮೋಡ ಬಂದು ಕೆಟ್ಟರೆ ಇನ್ನೊಂದು ಸರದಿ ಇದೆ. ಗ್ರಹದ ಒಂದು ಸುತ್ತಿಗೆ 2 ದಿನ 5 ಗಂಟೆ 15 ನಿಮಿಷ. ಒಂಬತ್ತು ಸುತ್ತು ಮುಗಿಯುವಾಗ 20 ದಿನಕ್ಕೆ 47 ನಿಮಿಷ ಕಡಿಮೆ. ಇವತ್ತು ರಾತ್ರಿ ಹತ್ತಕ್ಕೆ ಅಡ್ಡ ಬಂದದ್ದು, ಇಪ್ಪತ್ತನೇ ದಿನ ಒಂಬತ್ತೂ ಹದಿಮೂರಕ್ಕೆ ಮತ್ತೆ ಬರುತ್ತದೆ.